ವಾಕಿಂಗ್ ಸ್ಟಿಕ್ ಹಿಡಿಯೋರು ಗಮನಿಸಿ

ಎಲ್ರಿಗೂ ನಮಸ್ಕಾರ, ಕೋಲು ಹಿಡ್ಕೊಂಡು ಓಡಾಡೋ ಹಿರಿಯರು ಇದನ್ನ ದಯವಿಟ್ಟು ಪೂರ್ತಿ ಓದಿ. ಯಾರಾದ್ರೂ ಮೈಮೇಲೆ ಬಂದ್ರೆ ಕೋಲನ್ನ ಮೇಲೆತ್ತಿ ಬೀಸೋಕೆ ಹೋಗ್ಬೇಡಿ, ಬೀಸಿದ ರಭಸಕ್ಕೆ ನಮ್ಮ ಬ್ಯಾಲೆನ್ಸೇ ತಪ್ಪುತ್ತೆ, ಅವನು ಕೋಲು ಹಿಡಿದು ಎಳೆದ್ರಂತೂ ಮುಗೀತು, ಬೀಳೋದು ನಾವೇ. ನಿಲ್ಲೋಕೆ ಆಸರೆ ಬೇಡ ಅನ್ನೋರು ಎರಡೂ ಕೈಲಿ ಗಟ್ಟಿಯಾಗಿ ಹಿಡಿದು, ಕಾಲು ಸ್ವಲ್ಪ ಅಗಲಿಸಿ ನಿಂತು, ತುದಿಯಿಂದ ಚಿಕ್ಕದಾಗಿ ತಿವಿದು ತಕ್ಷಣ ವಾಪಸ್ ಎಳ್ಕೊಳ್ಳಿ. ಮೊಣಕಾಲ ಕೆಳಗಿನ ಮುಂದಿನ ಮೂಳೆ, ಬೆರಳ ಗಂಟು, ಇವಕ್ಕೆ ಸಣ್ಣ ಪೆಟ್ಟು ಬಿದ್ರೂ ವಿಪರೀತ ನೋವು. ತಲೆ, ಕುತ್ತಿಗೆಗೆ ಮಾತ್ರ ಬೇಡ, ಜೀವ ಹೋಗ್ಬಹುದು.

ಕೋಲಿಂದ ಆತ್ಮರಕ್ಷಣೆ ಮಾಡ್ಕೊಳ್ಳೋದೇನು ಹೊಸದಲ್ಲ, ಪಿಯರ್ ವಿನ್ಯಿ ಅನ್ನೋ ಸ್ವಿಸ್ ಗುರುಗಳ ಕೋಲಿನ ವಿದ್ಯೆ ಬಗ್ಗೆ ಬಾರ್ಟನ್-ರೈಟ್ ಅನ್ನೋ ಇಂಗ್ಲಿಷ್ ಆತ್ಮರಕ್ಷಣೆ ಶಿಕ್ಷಕರು 1901ರಲ್ಲೇ ಲಂಡನ್ನಿನ ಪತ್ರಿಕೇಲಿ ಫೋಟೋ ಸಮೇತ ಬರೆದಿದ್ರು. ಆದ್ರೆ ನಮಗೆ ಬೇಕಿರೋದು ಗೆಲ್ಲೋದಲ್ಲ, ತಪ್ಪಿಸ್ಕೊಳ್ಳೋದು. ಮೊದ್ಲು ಜೋರಾಗಿ ಕೂಗಿ, ಪರ್ಸ್ ಕೇಳಿದ್ರೆ ಕೊಟ್ಬಿಡಿ, ದಾರಿ ಸಿಕ್ಕ ಕೂಡ್ಲೆ ಹೊರಟ್ಬಿಡಿ.

ಮಡಚೋ ಕೋಲನ್ನ ಇದಕ್ಕೆ ನಂಬ್ಬೇಡಿ, ಜಾಯಿಂಟ್ ಬಿಚ್ಚಿಕೊಳ್ಳುತ್ತೆ. ಅಭ್ಯಾಸ ಮಾಡೋರು ಗೋಡೆ ಪಕ್ಕ ನಿಂತು, ಜೊತೆಗೆ ಯಾರನ್ನಾದ್ರೂ ಇಟ್ಕೊಂಡೇ ಮಾಡಿ. ತುದಿ ರಬ್ಬರ್ ಸವೆದಿದ್ರೆ ಇವತ್ತೇ ಬದಲಾಯಿಸಿ.