ಟಿಸಿ ಕೇಳಿದರೆ ಅಮೆರಿಕದ ಸೆಲ್ ತೋರಿಸುತ್ತೀರಾ?

ಮಾನ್ಯ ಸಂಪಾದಕರೇ,

ಬಿಸಿಯಿಂದ ಕರೆಂಟು ತೆಗೆಯುವ ಸೆಲ್ ಬಂದಿದೆ, ಇನ್ನು ಆಲೆಮನೆಯವರು ತಮ್ಮ ಒಲೆಯ ಬೆಂಕಿಯಿಂದಲೇ ಗಾಣ ಓಡಿಸಬಹುದು ಎಂದು ರೈತರ ಸಭೆಯಲ್ಲಿ ಸಾಹೇಬರು ಹೇಳಿದ್ದನ್ನು ನಿನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಓದಿದೆ. ಆ ಸಭೆಯಲ್ಲಿ ನಾನೂ ಇದ್ದೆ. ನಾವು ಕೇಳಿದ್ದು ಸುಟ್ಟುಹೋದ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಯಾವಾಗ ಬದಲಾಯಿಸುತ್ತೀರಿ ಅಂತ. ವರದಿಯಲ್ಲಿ ಆ ಪ್ರಶ್ನೆಯೇ ಇಲ್ಲ, ಉತ್ತರ ಮಾತ್ರ ಇದೆ.

ಗಾಣ ನಿಂತರೆ ಏನಾಗುತ್ತದೆ ಅಂತ ಆ ಸಾಹೇಬರು ಒಮ್ಮೆ ಬಂದು ನೋಡಲಿ. ತೊಟ್ಟಿಯಲ್ಲಿದ್ದ ಕಬ್ಬಿನ ಹಾಲು ಮಧ್ಯಾಹ್ನದ ಹೊತ್ತಿಗೆ ನೊರೆ ಎದ್ದು ಹುಳಿ ವಾಸನೆ ಹೊಡೆಯಿತು. ಅಂಥ ಹಾಲು ಕಾಯಿಸಿದರೆ ಪಾಕ ಗಟ್ಟಿಯಾಗಲ್ಲ, ಅಚ್ಚಿನಲ್ಲಿ ನಿಲ್ಲಲ್ಲ. ಅಷ್ಟನ್ನೂ ಚರಂಡಿಗೆ ಬಿಟ್ಟೆ. ಕಡಿದು ತಂದ ಕಬ್ಬು ಅಂಗಳದಲ್ಲಿ ಒಣಗಿ ತೂಕ ಕಳೆದುಕೊಳ್ಳುತ್ತಿದೆ. ಕಬ್ಬು ಕೊಟ್ಟವರು ನನ್ನನ್ನು ಬೈಯುತ್ತಾರೆ. ಆಳುಗಳಿಗೆ ಕೆಲಸ ಇರಲಿ ಬಿಡಲಿ ಕೂಲಿ ಕೊಡಲೇಬೇಕು. ಬಾಡಿಗೆಗೆ ಡೀಸೆಲ್ ಎಂಜಿನ್ ತಂದರೆ ಬೆಲ್ಲ ಮಾರಿದ ದುಡ್ಡು ಎಣ್ಣೆಗೇ ಸಾಲದು.

ಇನ್ನು ಆ ಸೆಲ್ಲಿನ ವಿಷಯ. ಇಂಜಿನಿಯರಿಂಗ್ ಓದುವ ಮಗಳ ಜೊತೆ ಕೂತು ತಿಳಿದುಕೊಂಡೆ. ಕೆಲಸ ನಿಜ, ದೊಡ್ಡದೂ ಹೌದು. ಕಾದ ವಸ್ತು ಬೆಳಕು ಬಿಡುತ್ತದೆ ಅಲ್ವಾ, ಅದನ್ನು ಈ ಸೆಲ್ ಕರೆಂಟು ಮಾಡುತ್ತದೆ. ತನಗೆ ಬೇಡದ ಬೆಳಕನ್ನು ಹಿಂದಿರುವ ಚಿನ್ನದ ಕನ್ನಡಿ ವಾಪಸ್ ಆ ಕಾದ ವಸ್ತುವಿಗೇ ಕಳಿಸುತ್ತದೆ. ಹಾಗಾಗಿ ಅಷ್ಟು ಬಿಸಿ ಪೋಲಾಗಲ್ಲ. 2022ರಲ್ಲಿ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದವರು ಹೀಗೆ ಸೆಲ್ ಹೀರಿಕೊಂಡ ಬಿಸಿಯಲ್ಲಿ ಶೇ 40ಕ್ಕೂ ಹೆಚ್ಚನ್ನು ಕರೆಂಟು ಮಾಡಿ ತೋರಿಸಿದರು. ಆಮೇಲೆ 2024ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಶೇ 44 ಮುಟ್ಟಿದರು. ತಿರುಗುವ ಭಾಗ ಒಂದೂ ಇಲ್ಲದೆ ಇಷ್ಟು ಬರುವುದು ಸಣ್ಣ ಮಾತಲ್ಲ. ಆ ವಿಜ್ಞಾನಿಗಳ ಮೇಲೆ ನನಗೆ ಗೌರವ ಇದೆ.

ಆದರೆ ಎಂಐಟಿಯವರ ಆ ಲೆಕ್ಕ 2400 ಡಿಗ್ರಿ ಬಿಸಿಯದ್ದು. ಸೆಲ್ ಇದ್ದದ್ದು ಸುಮಾರು ಒಂದು ಚದರ ಸೆಂಟಿಮೀಟರ್, ಬೆರಳ ಉಗುರಿನಷ್ಟು. ಕಬ್ಬಿಣ ಕರಗುವುದೇ 1538 ಡಿಗ್ರಿಗೆ. 2400 ಬಂದರೆ ನನ್ನ ಕೊಪ್ಪರಿಗೆ ಉಳಿಯುತ್ತಾ? ಕಬ್ಬಿನ ಸಿಪ್ಪೆ ಉರಿಸಿದರೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಸೆಲ್ಲನ್ನು ತಣ್ಣಗೆ ಇಡಬೇಕು, ಅದರ ಮೇಲೆ ಮಸಿ ಕೂರಬಾರದು. ನಮ್ಮ ಒಲೆಯ ಬಾಯಿ ನೋಡಿದವರು ಯಾರೂ ಈ ಮಾತು ಆಡಲ್ಲ.

ಇದೇನು ಹೊಸದಲ್ಲ. ಹಿಂದೆ ಹಗಲು ಹೊತ್ತು ತ್ರೀ ಫೇಸ್ ಕೊಡುತ್ತೇವೆ ಎಂದರು, ರಾತ್ರಿ ಕೊಟ್ಟರು. ಕತ್ತಲಲ್ಲಿ ಹಾವು ಚೇಳಿನ ನಡುವೆ ನೀರು ಕಟ್ಟಿದೆವು. ಗದ್ದೆ ಮೇಲೆ ಜೋತುಬಿದ್ದ ತಂತಿ ಎಳೆದು ಕಟ್ಟಿ ಎಂದು ಅರ್ಜಿ ಕೊಟ್ಟರೆ ಅರ್ಜಿಯೇ ಕಾಣೆ. ಲೈನ್‌ಮನ್ ಪಾಪ ಒಬ್ಬನೇ, ಅವನನ್ನು ಬೈದು ಏನು ಪ್ರಯೋಜನ? ಮೇಲಿನವರು ಫೋನ್ ಎತ್ತಲ್ಲ. 1902ರಲ್ಲೇ ಇದೇ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿವರೆಗೆ ಕರೆಂಟು ಹೋಗಿತ್ತು. ಅಷ್ಟು ದೂರ ಅಂದು ತಂತಿ ಎಳೆದರು. ಇವತ್ತು ಊರಾಚೆಯ ಒಂದು ಕಂಬಕ್ಕೆ ಟಿಸಿ ಹತ್ತಿಸಲು ಆಗಲ್ಲವಾ?

ಮೊದಲು ಟಿಸಿ ಹಾಕಿ. ಆ ಸೆಲ್ಲಿನ ಮೇಲೆ ನಿಜವಾದ ಆಸೆ ಇದ್ದರೆ ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳ ಮಕ್ಕಳಿಗೆ ದುಡ್ಡು ಕೊಟ್ಟು ಸಂಶೋಧನೆ ಮಾಡಿಸಿ. ಇಲ್ಲವಾದರೆ ಗೊತ್ತಿಲ್ಲದ್ದನ್ನು ರೈತರ ಮುಂದೆ ಹೇಳಬೇಡಿ. ಹುಳಿ ಬಂದ ಹಾಲು ಚೆಲ್ಲಿದವರ ಎದುರು ನಿಂತು ಇಂಥ ಮಾತು ಆಡಲು ನಾಚಿಕೆಯಾಗಬೇಕು.

— ಒಬ್ಬ ಆಲೆಮನೆಯವ, ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ