ದುಡಿಯುವ ಎಂಜಿನಿಯರ್‌ಗಳಿಗೂ ಕಾರವಾರದಲ್ಲೇ ಪಾಠ ಸಿಗಲಿ

ಮಾನ್ಯರೇ,

ಕೆಲಸದಲ್ಲಿರುವ ಮೆಕ್ಯಾನಿಕಲ್ ಎಂಜಿನಿಯರ್‌ಗಳು ಕೆಲಸ ಬಿಡದೆ ಮುಂದೆ ಓದುವಂಥ ಸರ್ಟಿಫಿಕೇಟ್ ಕೋರ್ಸ್ ಕಾರವಾರದಲ್ಲಿ ಶುರುವಾಗಬೇಕು. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಕದ್ರಾ, ಕೊಡಸಳ್ಳಿಯಲ್ಲಿ ಜಲವಿದ್ಯುತ್ ಕೇಂದ್ರಗಳಿವೆ. ನೌಕಾನೆಲೆ ಇದೆ, ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ ಇದೆ. ಇಷ್ಟೆಲ್ಲ ಯಂತ್ರಗಳನ್ನು ಹಗಲೂ ರಾತ್ರಿ ನೋಡಿಕೊಳ್ಳುವವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಎಂ.ಟೆಕ್ ಅಂದರೆ ಎರಡು ವರ್ಷ. ಶಿಫ್ಟ್‌ನಲ್ಲಿ ದುಡಿದು ಸಂಸಾರ ನಡೆಸುವವರಿಗೆ ಅದು ಆಗದ ಮಾತು, ಅಲ್ವಾ? ನಾಲ್ಕೈದು ವಿಷಯಗಳ ಸರ್ಟಿಫಿಕೇಟ್ ಆದರೆ ಒಂದೊಂದಾಗಿ ಮುಗಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಉದ್ಯೋಗಸ್ಥರಿಗಾಗಿ ಸಂಜೆ ಕೋರ್ಸ್‌ಗಳನ್ನು ನಡೆಸುತ್ತಾ ಬಂದಿದೆ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿ ಐಐಟಿಗಳ ಪಾಠ ಉಚಿತವಾಗಿ ಸಿಗುತ್ತದೆ, ನಿಜ. ಆದರೆ ಪಂಪಿನ ಬೇರಿಂಗ್ ಸವೆಯುತ್ತಾ ಹೋದಂತೆ ಅದರ ಕಂಪನ ಹೇಗೆ ಬದಲಾಗುತ್ತದೆ ಎಂಬುದನ್ನು ಮೀಟರ್ ಕೈಯಲ್ಲಿ ಹಿಡಿದೇ ಕಲಿಯಬೇಕು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಬೋಲ್ಟು, ಪೈಪು, ವೆಲ್ಡಿಂಗ್ ಮಾಡಿದ ಜಾಗ ಬೇಗ ತುಕ್ಕು ಹಿಡಿಯುತ್ತವೆ. ಯಾವ ಕಡೆ ಯಾವ ಲೋಹ ಹಾಕಬೇಕು, ಯಾವ ಲೇಪನ ಬಾಳಿಕೆ ಬರುತ್ತದೆ ಎಂಬ ಪಾಠ ಬೇರೆ ಊರಿಗಿಂತ ಇಲ್ಲಿಗೆ ಜಾಸ್ತಿ ಅಗತ್ಯ.

ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಮನಸ್ಸು ಮಾಡಿ, ಅಲ್ಲಿನ ಲ್ಯಾಬ್‌ಗಳಲ್ಲಿ ಶನಿವಾರ ಸಂಜೆ ಮತ್ತು ಭಾನುವಾರ ತರಗತಿ ಆರಂಭಿಸಲಿ. ಕೈಗಾ ಮತ್ತು ನೌಕಾನೆಲೆಯ ಅನುಭವಿ ಎಂಜಿನಿಯರ್‌ಗಳನ್ನೂ ಪಾಠಕ್ಕೆ ಕರೆಯಲಿ. ಶಿಫ್ಟ್‌ನವರಿಗೆ ತಪ್ಪದಂತೆ ಒಂದೇ ಪಾಠವನ್ನು ಎರಡು ಸಲ ಇಟ್ಟರೆ ಇನ್ನೂ ಒಳ್ಳೆಯದು.

– ಓದುಗ, ಸದಾಶಿವಗಡ