ಸ್ಟೋಯಿಕರನ್ನು ಓದುತ್ತಿರುವ ಸುಹಾಸನಿಗೆ

ಚಿ. ಸುಹಾಸನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನೀನು ಸ್ಟೋಯಿಕ್ ತತ್ತ್ವಜ್ಞಾನವನ್ನು ಓದಲಾರಂಭಿಸಿರುವೆಯೆಂದೂ, ಇನ್ನು ಮುಂದೆ ಯಾರ ಸುಖದುಃಖವೂ ತಾಗದಂತೆ ಬದುಕುವುದನ್ನು ಅದರಿಂದ ಕಲಿಯುವೆಯೆಂದೂ ಬರೆದಿದ್ದೀಯೆ. ಓದುತ್ತಿರುವುದು ಸಂತೋಷ. ಆದರೆ ಎರಡನೆಯ ಮಾತು ನನ್ನನ್ನು ಕಳವಳಗೊಳಿಸಿತು.

ಕ್ರಿ.ಪೂ. 300ರ ಸುಮಾರಿಗೆ ಸ್ಟೋಯಿಕ್ ಪಂಥವನ್ನು ಆರಂಭಿಸಿದ ಸೈಪ್ರಸ್ ದ್ವೀಪದ ಜೀನೋ, ಗ್ರೀಸಿನ ಅಥೆನ್ಸಿನ ಮಾರುಕಟ್ಟೆ ಚೌಕದ ಅಂಚಿನ ಚಿತ್ರಮಂಟಪದಲ್ಲಿ, ಹೋಗಿಬರುವ ಜನರ ನಡುವೆಯೇ, ಪಾಠ ಹೇಳುತ್ತಿದ್ದನು. ವಿವೇಕ, ನ್ಯಾಯ, ಧೈರ್ಯ, ಸಂಯಮಗಳೇ ನಿಜವಾದ ಒಳಿತು. ಆರೋಗ್ಯ, ಹಣ, ಕೀರ್ತಿಗಳು ಇದ್ದರೆ ಒಳ್ಳೆಯದೇ, ಆದರೆ ಅವಿಲ್ಲದೆಯೂ ಮನುಷ್ಯ ಚೆನ್ನಾಗಿ ಬಾಳಬಲ್ಲನೆಂಬುದು ಈ ಪಂಥದ ನಿಲುವು. ನೀನು ಧೈರ್ಯ ಸಂಯಮಗಳನ್ನು ಹಿಡಿದು, ಇತರರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವ ನ್ಯಾಯವನ್ನು ಬಿಟ್ಟಂತೆ ಕಾಣುತ್ತದೆ. ನಾಲ್ಕರಲ್ಲಿ ಒಂದು ನಿಜವಾಗಿ ಇದ್ದಲ್ಲಿ ಉಳಿದ ಮೂರೂ ಇದ್ದೇ ಇರುತ್ತವೆಂದು ಅವರು ನಂಬಿದ್ದರು.

ಇದೇ ಪಂಥದ ಗುರು ಎಪಿಕ್ಟೀಟಸನನ್ನು ನಿಧಾನವಾಗಿ ಓದು. ಗುಲಾಮನಾಗಿದ್ದು ಬಿಡುಗಡೆ ಪಡೆದ ಅವನು, ಚಕ್ರವರ್ತಿ ಡೊಮಿಷಿಯನ್ ತತ್ತ್ವಜ್ಞಾನಿಗಳನ್ನು ರೋಮಿನಿಂದ ಹೊರಹಾಕಿದಾಗ ಗ್ರೀಸಿನ ನಿಕೊಪೊಲಿಸ್‌ಗೆ ಹೋಗಿ ಶಾಲೆ ನಡೆಸಿದನು. ನಮ್ಮ ಅಭಿಪ್ರಾಯ, ಬಯಕೆಗಳು ನಮ್ಮ ಕೈಯಲ್ಲಿವೆ. ದೇಹ, ಆಸ್ತಿ, ಅಧಿಕಾರ, ಹೆಸರು ನಮ್ಮ ಕೈಯಲ್ಲಿಲ್ಲ ಎಂಬ ಅವನ ಮಾತು ನಿನಗೆ ಹಿಡಿಸಿದೆ. ಅವನ ಶಿಷ್ಯ ಏರಿಯನ್ ಬರೆದಿಟ್ಟ ಪ್ರವಚನಗಳ ಮೊದಲ ಸಂಪುಟದ 11ನೆಯ ಅಧ್ಯಾಯವನ್ನೂ ನೋಡು. ಪುಟ್ಟ ಮಗಳ ಕಾಯಿಲೆಯನ್ನು ಕಣ್ಣಾರೆ ಕಾಣಲಾರದೆ ಮನೆಯಿಂದ ಓಡಿಹೋಗಿ, ಗುಣವಾಯಿತೆಂಬ ಸುದ್ದಿ ಬರುವವರೆಗೂ ಹೊರಗೇ ಉಳಿದ ಅಧಿಕಾರಿಯೊಬ್ಬ ಅಲ್ಲಿ ಬರುತ್ತಾನೆ. ತಂದೆಯಾದವನಿಗೆ ಇದು ಸಹಜವೆಂಬುದು ಅವನ ಸಮರ್ಥನೆ. ಹಾಗಾದರೆ ತಾಯಿಯೂ ದಾದಿಯೂ ಮಗುವನ್ನು ಬಿಟ್ಟು ಓಡಬೇಕಿತ್ತೇ, ನಿನಗೇ ಕಾಯಿಲೆಯಾದರೆ ನಿನ್ನವರು ಹೀಗೆ ಪ್ರೀತಿಸಲೆಂದು ಬಯಸುವೆಯಾ ಎಂದು ಎಪಿಕ್ಟೀಟಸ್ ಕೇಳುತ್ತಾ ಹೋಗುತ್ತಾನೆ. ಮನಸ್ಸನ್ನು ಹಿಡಿತದಲ್ಲಿಡುವ ಅಭ್ಯಾಸವೆಲ್ಲ ಏತಕ್ಕೆಂಬುದು ನನಗೆ ತಿಳಿದದ್ದು ಇಲ್ಲಿಯೇ; ಆ ಹಾಸಿಗೆಯ ಪಕ್ಕದಲ್ಲಿ ಕದಲದೆ ಕುಳಿತಿರಲು ಅಷ್ಟು ಬಲ ಬೇಕಾಗುತ್ತದೆ.

161ರಿಂದ 180ರವರೆಗೆ ರೋಮನ್ನಾಳಿದ ಮಾರ್ಕಸ್ ಆರೀಲಿಯಸ್ ಕೂಡ, ಇಂದು ಕೃತಘ್ನರೂ ಅಹಂಕಾರಿಗಳೂ ಎದುರಾಗುವರೆಂದು ಬೆಳಗ್ಗೆಯೇ ತನಗೆ ತಾನು ಹೇಳಿಕೊಂಡು, ಅವರೂ ತನ್ನ ಬಂಧುಗಳೇ, ಅವರ ಮೇಲೆ ದ್ವೇಷ ಸಲ್ಲದೆಂದು ಟಿಪ್ಪಣಿಯಲ್ಲಿ ಬರೆದುಕೊಂಡನು. ಯುದ್ಧವನ್ನೂ ಮಹಾಮಾರಿಯನ್ನೂ ಕಂಡ ಅರಸನ ಬರವಣಿಗೆಯಾದ್ದರಿಂದ ನನಗೆ ಅದರಲ್ಲಿ ಬಹಳ ಗೌರವ.

ಅಣ್ಣನೊಡನೆ ನಿನಗೆ ಮಾತು ನಿಂತಿದೆಯೆಂದು ಅಕ್ಕ ತಿಳಿಸಿದಳು. ಅಣ್ಣ ಅನ್ಯಾಯ ಮಾಡಿದರೂ ತಮ್ಮನಾಗಿ ನಿನ್ನ ಕರ್ತವ್ಯವನ್ನು ಕಾಯ್ದುಕೋ ಎಂಬ ಅರ್ಥದ ಮಾತು ಎಪಿಕ್ಟೀಟಸನ ಕೈಪಿಡಿಯ 30ನೆಯ ಭಾಗದಲ್ಲಿದೆ. ಅದನ್ನು ಓದಿ, ಯುಗಾದಿಗೆ ಮುನ್ನ ನೀನಾಗಿಯೇ ಅವನಿಗೆ ಫೋನು ಮಾಡು.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ಮಾವ